ಚೊಂಬನ್ನು ಡಿಸೈನ್ ಮಾಡಿದವರು ಯಾರು?

 

ನಮ್ಮಂಥವರ ಮನೆಗಳಲ್ಲಿ ಈಗ ಒಂದು ಮಾತು ಸಾಮಾನ್ಯ. ಮಗಳು ಚಿತ್ರಕಲೆ ಓದ್ತೀನಿ ಅಂದ್ರೆ, "ಆರ್ಟ್ ಬೇಡ ಪುಟ್ಟಿ, ಡಿಸೈನ್ ಆದ್ರೆ ಸರಿ, ಕೆಲಸ ಸಿಗುತ್ತೆ" ಅಂತೀವಿ. ಕಲೆ ಅಂದ್ರೆ ಹವ್ಯಾಸ, ಡಿಸೈನ್ ಅಂದ್ರೆ ಸಂಬಳ. ಇವೆರಡರ ನಡುವಿನ ಗೋಡೆ ಎಷ್ಟು ಗಟ್ಟಿ ಅಂತ ಇವತ್ತು ತಟ್ಟಿ ನೋಡೋಣ.

1919ರಲ್ಲಿ ಎರಡು ಶಾಲೆ ಶುರುವಾದವು. ಜರ್ಮನಿಯ ವೈಮರ್‌ನಲ್ಲಿ ವಾಲ್ಟರ್ ಗ್ರೋಪಿಯಸ್ ಅವರ ಬೌಹೌಸ್, ಶಾಂತಿನಿಕೇತನದಲ್ಲಿ ಟಾಗೋರರ ಕಲಾಭವನ. ಆರಂಭದ ಬೌಹೌಸ್‌ನಲ್ಲಿ ವರ್ಕ್‌ಶಾಪಿಗೆ ಇಬ್ಬರು ಮೇಷ್ಟ್ರು: ಒಬ್ಬರು ಕಲಾವಿದರು, ಇನ್ನೊಬ್ಬರು ಕಸುಬು ಬಲ್ಲವರು. ಪೌಲ್ ಕ್ಲೀ, ಕಾಂಡಿನ್‌ಸ್ಕಿಯಂಥ ಚಿತ್ರಕಾರರು ಅಲ್ಲಿ ಪಾಠ ಮಾಡಿದರು. ಇತ್ತ ಕಲಾಭವನದಲ್ಲಿ ನಂದಲಾಲ್ ಬೋಸರು ಚಿತ್ರದ ಜೊತೆಗೆ ಕರಕುಶಲವನ್ನೂ ಕಲಿಸಿದರು. ನಮ್ಮ ಸಂವಿಧಾನದ ಕೈಬರಹದ ಪ್ರತಿಯ ಪುಟಗಳನ್ನ ಅಲಂಕರಿಸಿದ್ದು ಅವರೂ ಅವರ ಶಿಷ್ಯರೂ. ಅದು ಕಲೆಯೋ ಪುಸ್ತಕ ವಿನ್ಯಾಸವೋ? ಎರಡೂ ಅಲ್ವಾ? 1922ರಲ್ಲಿ ಬೌಹೌಸ್ ಕಲಾವಿದರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನಕ್ಕೂ ಬಂದವು.

ಮುಂದೆ ಭಾರತ ಸರ್ಕಾರ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನ ಅಮೆರಿಕದಿಂದ ಕರೆಸಿತು. 1958ರಲ್ಲಿ ಅವರು ಕೊಟ್ಟ ವರದಿಯ ಬೆನ್ನಲ್ಲೇ, 1961ರಲ್ಲಿ ಅಹಮದಾಬಾದಿನ ಎನ್‌ಐಡಿ ಹುಟ್ಟಿತು. ಆ ವರದಿಯಲ್ಲಿ ಅವರು ಮೆಚ್ಚಿಕೊಂಡ ವಸ್ತು ಯಾವುದು ಗೊತ್ತಾ? ನಮ್ಮ ಚೊಂಬು. ಅದನ್ನ ಹೊಸದಾಗಿ ಡಿಸೈನ್ ಮಾಡೋದಾದ್ರೆ ಏನೆಲ್ಲ ಯೋಚಿಸಬೇಕು ಅಂತ ಪಟ್ಟಿ ಮಾಡಿದರು. ಎಷ್ಟು ನೀರು ಹಿಡೀಬೇಕು, ಹೊರೋದು ತಲೆ ಮೇಲೋ ಸೊಂಟದ ಮೇಲೋ, ತುಂಬಿದಾಗ ಭಾರ ಎಲ್ಲಿ ಕೂರುತ್ತೆ, ಬೆಲೆ ಎಷ್ಟು, ಮುಟ್ಟಿದರೆ ಹೇಗಿರುತ್ತೆ, ಇನ್ನೊಂದು ಪಾತ್ರೆಗೆ ತಾಗಿದರೆ ಯಾವ ಸದ್ದು ಬರುತ್ತೆ. ಒಬ್ಬ ಮನುಷ್ಯ ಮಾಡಿದ ಡಿಸೈನ್ ಅಲ್ಲ ಅದು, ತಲೆಮಾರುಗಳು ತಿದ್ದಿ ತೀಡಿದ್ದು.

ನಮ್ಮ ಭಾಷೇಲಿ ಹೇಳೋದಾದ್ರೆ ಇದು ರಿಕ್ವೈರ್‌ಮೆಂಟ್ ಪಟ್ಟಿ. ಆದ್ರೆ "ಸದ್ದು ಹೇಗಿರಬೇಕು" ಅಂತ ನಮ್ಮ ಯಾವ ಟಿಕೆಟ್‌ನಲ್ಲಿ ಬರುತ್ತೆ? ಆ ಪ್ರಶ್ನೆ ಕೇಳೋಕೆ ಕಲಾವಿದನ ಕಿವಿ ಬೇಕು. ಉತ್ತರ ಕಟ್ಟೋಕೆ ಕಸುಬು ಬೇಕು. ಎರಡೂ ಒಂದೇ ತಲೆಯಲ್ಲಿ ಬೆಳೀಬೇಕು.

ಸಂಬಳದ ಚಿಂತೆ ಸುಳ್ಳಲ್ಲ. ಕಾಲೇಜ್ ಫೀಸು, ಮನೆ ಇಎಂಐ ಎಲ್ಲ ಇದೆ. ಆದ್ರೆ ಸಾಫ್ಟ್‌ವೇರ್ ಟೂಲ್‌ಗಳು ಎಷ್ಟು ಬೇಗ ಬದಲಾಗ್ತವೆ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೂಲ್ ಆರು ತಿಂಗಳಲ್ಲಿ ಕಲೀಬಹುದು. ನೋಡೋ ಕಣ್ಣು ಪಳಗೋಕೆ ವರ್ಷಗಳು ಬೇಕು.

ಹಾಗಾಗಿ ಒಂದು ಸಣ್ಣ ಕೆಲಸ ಹೇಳ್ತೀನಿ. ಈ ಭಾನುವಾರ ಮಗುವಿನ ಮುಂದೆ ಮನೆಯ ಒಂದು ಚೊಂಬು ಇಡಿ. ಮೊದಲು ಬರೆಯಲಿ. ಆಮೇಲೆ, "ಇದರ ಕತ್ತು ಯಾಕೆ ಸಣ್ಣ?" ಅಂತ ಕೇಳಿ. ಕೋಚಿಂಗ್‌ಗೆ ದುಡ್ಡು ಕಟ್ಟೋದು ಆಮೇಲಿನ ಮಾತು.