ಮಿತವ್ಯಯವೂ ಗೃಹಸಂಚಯವೂ

(ಶ್ರೀಮಠದ ಮಹೋತ್ಸವದ ಗೃಹಸ್ಥಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಈ ಶುಭಸಮಯದಲ್ಲಿ ತತ್ತ್ವವಿಚಾರವನ್ನು ಬದಿಗಿರಿಸಿ ಮನೆಯ ಹಿಟ್ಟುಬೇಳೆಗಳ ಲೆಕ್ಕವನ್ನು ಎತ್ತಿಕೊಳ್ಳುವುದೇಕೆಂದು ಕೆಲವರಿಗೆ ತೋರಬಹುದು. ಆದರೆ ಸಾಲದಲ್ಲಿ ಮುಳುಗಿದ ಗೃಹಸ್ಥನ ಕಿವಿಗೆ ಯಾವ ತತ್ತ್ವವೂ ಹತ್ತುವುದಿಲ್ಲವೆಂಬುದು ಮಠಗಳಿಗೆ ಬಂದುಹೋಗುವ ಭಕ್ತರ ಮುಖವನ್ನು ಕಂಡವರೆಲ್ಲರೂ ಬಲ್ಲ ಸಂಗತಿಯು. ಬಿತ್ತಿಗೆಯ ಕಾಲಕ್ಕೆ ಬೀಜಗೊಬ್ಬರದ ಸಾಲ, ಸುಗ್ಗಿಯಲ್ಲಿ ಆ ಸಾಲದ ಬಡ್ಡಿಗೆ ಕಾಳು, ಮಗಳ ಮದುವೆಗೆ ಹೊಲದ ಅಡವು. ಈ ಸುಳಿಯಲ್ಲಿ ಸಿಕ್ಕವನು ಕಣ್ಣುಮುಚ್ಚಿ ಕುಳಿತರೂ ಅವನ ಒಳಗಣ್ಣಿನ ಮುಂದೆ ನಿಲ್ಲುವುದು ಸಾಹುಕಾರನ ಮೂರ್ತಿಯೇ.

ಮೊದಲು ಶಬ್ದಾರ್ಥವನ್ನು ವಿಚಾರಿಸುವುದು ಯುಕ್ತ. ಆಯ, ವ್ಯಯ ಎಂಬೆರಡು ಶಬ್ದಗಳೂ ಗತ್ಯರ್ಥಕವಾದ ಇಣ್ ಧಾತುವಿನಿಂದಲೇ ನಿಷ್ಪನ್ನವಾದವು. ಉಪಸರ್ಗ ಮಾತ್ರ ಬೇರೆ. ಒಂದು ಬರುವುದು, ಇನ್ನೊಂದು ಹೋಗುವುದು. ನಡೆಯುವುದೇ ಧನದ ಸ್ವಭಾವವೆಂದಮೇಲೆ ಅದನ್ನು ಕಟ್ಟಿಹಾಕುತ್ತೇನೆಂಬ ಲೋಭಿಯೂ, ಹೋಗುವ ದಾರಿಯನ್ನೇ ನೋಡದಿರುವ ದುಂದುಗಾರನೂ ಸಮಾನವಾಗಿ ಅಜ್ಞರು. ಇನ್ನು ಮಿತವೆಂಬುದು ಅಳೆಯುವುದೆಂಬ ಅರ್ಥವುಳ್ಳ ಮಾ ಧಾತುವಿನ ರೂಪವು. ಮಿತವೆಂದರೆ ಅಳೆಯಲ್ಪಟ್ಟದ್ದು. ಆದುದರಿಂದ ಮಿತವ್ಯಯವೆಂದರೆ ಸ್ವಲ್ಪ ಖರ್ಚು ಎಂದು ಜನರು ತಿಳಿದಿರುವುದು ಸರಿಯಲ್ಲ. ಅಳೆದು ಮಾಡುವ ಖರ್ಚೆಂದೇ ಅದರ ಅರ್ಥ. ಮಕ್ಕಳ ಹಾಲನ್ನು ಕಡಿಮೆ ಮಾಡಿ ಹಬ್ಬದಲ್ಲಿ ಪಟಾಕಿ ಸುಡುವವನು ಸ್ವಲ್ಪದಲ್ಲಿ ಬದುಕುತ್ತಿರಬಹುದು, ಮಿತವ್ಯಯಿಯಲ್ಲ.

ಈ ಅಳತೆಯ ವಿಷಯದಲ್ಲಿ ಆಯ್ದಕ್ಕಿ ದಂಪತಿಗಳ ಕಥೆಯು ಎಲ್ಲರಿಗೂ ತಿಳಿದದ್ದೇ ಆದರೂ ಅದರೊಳಗಿನ ಒಂದು ಸಣ್ಣ ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಕಲ್ಯಾಣದಲ್ಲಿ ಮಹಾಮನೆಯ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಕಂಡು, ಇದು ನಮ್ಮ ಕಾಯಕದ್ದಲ್ಲ, ಹಿಂದಕ್ಕೆ ಸುರಿದು ಬಾ ಎಂದು ಗಂಡನನ್ನು ಕಳುಹಿದಳೆಂದು ಸಂಪ್ರದಾಯದಲ್ಲಿ ಹೇಳಿಬಂದಿದೆ. ಇಲ್ಲಿ ಆಕೆಯ ನಿರಾಶೆಯನ್ನು ಎಲ್ಲರೂ ಕೊಂಡಾಡುವರು, ಅದು ಕೊಂಡಾಡತಕ್ಕುದೇ. ಆದರೆ ಗಂಟನ್ನು ನೋಡಿದ ಮಾತ್ರಕ್ಕೆ ಅಕ್ಕಿ ಹೆಚ್ಚಾಗಿದೆಯೆಂದು ಆಕೆಗೆ ತಿಳಿದದ್ದು ಹೇಗೆ? ದಿನಕ್ಕೆ ಎಷ್ಟು ಬರುತ್ತದೆ, ಎಷ್ಟು ಬೇಯುತ್ತದೆ, ಎಷ್ಟು ಜಂಗಮಕ್ಕೆ ಸಲ್ಲುತ್ತದೆ ಎಂಬ ಅಳತೆಯು ಆಕೆಯ ಕೈಯಲ್ಲಿಯೇ ಇದ್ದಿತು. ಇಂದು ನಮ್ಮ ಎಷ್ಟು ಮನೆಗಳಲ್ಲಿ ಗೃಹಿಣಿಗೆ ಗಂಡನ ತಿಂಗಳ ಆದಾಯ ಗೊತ್ತು, ಗಂಡನಿಗೆ ಮನೆಯ ತಿಂಗಳ ಬೇಳೆಯ ಬೆಲೆ ಗೊತ್ತು?

ಅಷ್ಟಾದರೂ ಒಂದು ಆಕ್ಷೇಪವುಂಟಾಗುತ್ತದೆ. ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿದ ಮೇಲೆ ಸಂಚಯಮಾಡುವುದು ಶರಣಧರ್ಮಕ್ಕೆ ವಿರುದ್ಧವಲ್ಲವೇ ಎಂಬುದು. ಪಂಡಿತರು ಇದಕ್ಕೆ ಸುಲಭವಾದ ಸಮಾಧಾನವನ್ನು ಹೇಳಿಬಿಡುವುದುಂಟು. ಆದರೆ ಆಕ್ಷೇಪವು ಅಷ್ಟು ಸುಲಭವಾದುದಲ್ಲ. ಆಕೆಯು ಹಿಂದಿರುಗಿಸಿದ್ದು ತಮ್ಮ ದುಡಿಮೆಗೆ ಮೀರಿ ಬಂದುದನ್ನು. ತಾನು ದುಡಿದುದರಲ್ಲಿಯೇ ಒಂದು ಭಾಗವನ್ನು ಇಂದು ಉಣ್ಣದೆ ಮುಂದಿನ ತಿಂಗಳಿಗಿಡುವುದು ಬೇರೆ ಮಾತು. ಅದನ್ನು ಇಡದವನು ಕಷ್ಟಕಾಲದಲ್ಲಿ ಸಾಲಮಾಡುವನು. ಸಾಲಮಾಡಿದವನ ಮುಂದಿನ ದುಡಿಮೆಯು ದುಡಿಯುವುದಕ್ಕೆ ಮುಂಚೆಯೇ ಪರರದಾಗಿರುವುದು. ಹೀಗೆ ತನ್ನದಲ್ಲದ ಕಾಯಕದಿಂದ ಅವನು ದಾಸೋಹವನ್ನು ಮಾಡುವುದೆಂತು? ಆದರೂ ಇಡುಗಂಟು ಎಲ್ಲಿಗೆ ಮುಗಿಯಬೇಕು, ಲೋಭವು ಎಲ್ಲಿ ಮೊದಲಾಗುತ್ತದೆ ಎಂಬ ಗೆರೆಯನ್ನು ಶಾಸ್ತ್ರವು ಎಳೆದುಕೊಡಲಾರದು. ಅದನ್ನು ಆಯಾ ಮನೆಯವರೇ ಎಳೆದುಕೊಳ್ಳಬೇಕು.

ಹಿಂದಿನವರು ಆ ಗೆರೆಯನ್ನು ನೆಲದಲ್ಲಿಯೇ ಎಳೆದಿದ್ದರು. ಉತ್ತರ ಕರ್ನಾಟಕದ ಜೋಳದ ಸೀಮೆಯ ವೃದ್ಧರಿಗೆ ಹಗೇವು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಹೇಳಬೇಕು. ನೀರು ನಿಲ್ಲದ ಗಟ್ಟಿನೆಲವನ್ನು ಆರಿಸಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವಂತೆ ಗುಂಡಿಯನ್ನು ತೋಡಿ, ತಳಕ್ಕೂ ಸುತ್ತಲಿಗೂ ಒಣಹುಲ್ಲನ್ನು ದಟ್ಟವಾಗಿ ಹೊದಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಜೋಳವನ್ನು ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣಿನಿಂದ ಬಿಗಿಯುತ್ತಿದ್ದರು. ಒಳಗಿನ ಪ್ರಾಣವಾಯುವನ್ನು ಕಾಳೇ ಉಸಿರಾಡಿ ತೀರಿಸುವುದರಿಂದ ಹುಳುಗಳು ಅಲ್ಲಿ ಬದುಕಲಾರವು. ಅದೇ ಕಾರಣದಿಂದ ಬಾಯಿ ತೆರೆದೊಡನೆ ಒಳಗಿಳಿದ ಮನುಷ್ಯನ ಪ್ರಾಣಕ್ಕೂ ಅಪಾಯ. ಆದುದರಿಂದಲೇ ಬಹಳ ಹೊತ್ತು ತೆರೆದಿಟ್ಟು, ದೀಪವನ್ನಿಳಿಸಿ ನೋಡಿ, ಆಮೇಲೆ ಇಳಿಯುವ ವಾಡಿಕೆಯಿದ್ದಿತು.

ಇದರಲ್ಲಿ ನೋಡತಕ್ಕ ವಿಶೇಷವೇನೆಂದರೆ, ಹಗೇವನ್ನು ದಿನದಿನವೂ ತೆರೆಯುವಂತಿರಲಿಲ್ಲ. ಅಡಿಗೆಮನೆಯ ಗಡಿಗೆಯ ಕಾಳಿಗೆ ಕೈ ಹೋಗುವಷ್ಟು ಸುಲಭವಾಗಿ ಹಗೇವಿನ ಕಾಳಿಗೆ ಹೋಗುತ್ತಿರಲಿಲ್ಲ. ಒಮ್ಮೆ ತೆರೆದು ಗಾಳಿಯೂ ತೇವವೂ ಸೇರಿದರೆ ಉಳಿದ ಕಾಳು ಕೆಡುವುದಾದುದರಿಂದ, ತೆರೆಯುವುದಕ್ಕೆ ಮುಂಚೆ ಮನೆಮಂದಿಯೆಲ್ಲರೂ ಕುಳಿತು ಆಲೋಚಿಸಬೇಕಾಗಿತ್ತು. ಆಲೋಚನೆಗೆ ಅವಕಾಶಕೊಡುವ ಈ ಅಡ್ಡಿಯೇ ಹಗೇವಿನ ದೊಡ್ಡ ಗುಣವು. ಇಂದಿನ ಹಣವಾದರೋ ಕಿಸೆಯ ಮೊಬೈಲಿನಲ್ಲಿಯೇ ಕುಳಿತಿದೆ. ಎಣಿಸಿ ಕೊಡುವ ಕಷ್ಟವೂ ಇಲ್ಲದೆ ಬೆರಳಿನ ಒಂದು ಒತ್ತಿನಿಂದ ಹೊರಟುಹೋಗುತ್ತದೆ.

ಹಗೇವು ಎಲ್ಲರನ್ನೂ ಕಾಪಾಡಿತೆಂದು ಹೇಳಲಾಗದು. 1876-78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ದಕ್ಷಿಣದೇಶದಲ್ಲಿ ಲಕ್ಷಾಂತರ ಜನರು ಅಳಿದರು. ಹಗೇವನ್ನು ತುಂಬಲು ಹೊಲವೇ ಇಲ್ಲದ ಕೂಲಿಯವರೂ ಮಗ್ಗದವರೂ ಮೊದಲು ಸಂಕಟಕ್ಕೆ ಸಿಕ್ಕಿದರು. ಉಳಿಸಿದರೆ ಬಡತನವು ತಾನಾಗಿ ತೊಲಗುವುದೆಂದು ಬಡವರಿಗೆ ಬೋಧಿಸುವ ಉಳ್ಳವರು ಇದನ್ನು ನೆನಪಿನಲ್ಲಿಡತಕ್ಕುದು.

ಆದರೆ ಅಲ್ಪ ಆದಾಯದವರು ಏನನ್ನೂ ಉಳಿಸಲಾರರೆಂಬ ಮಾತೂ ಪೂರ್ಣವಾಗಿ ನಿಜವಲ್ಲ. ಒಂದು ಲೆಕ್ಕವನ್ನು ನೋಡೋಣ. ತಿಂಗಳಿಗೆ 18,000 ರೂಪಾಯಿ ಆದಾಯವುಳ್ಳ ಒಂದು ಮನೆಯವರು ಮದುವೆಗಾಗಿ 50,000 ರೂಪಾಯಿಗಳನ್ನು ನೂರಕ್ಕೆ 3ರಂತೆ ಕೈಸಾಲ ತಂದರೆಂದು ಇಟ್ಟುಕೊಳ್ಳಿರಿ. ಹಳ್ಳಿಯಲ್ಲಿ ನೂರಕ್ಕೆ 3 ಎಂದರೆ ತಿಂಗಳ ಮಾತು. ವರ್ಷಕ್ಕೆ ಅದು ನೂರಕ್ಕೆ 36. ಇದನ್ನು ಬಾಯಿಂದ ಹೇಳುವಾಗ 3 ಎಂಬ ಅಂಕಿಯ ಸಣ್ಣತನವು ಎಷ್ಟೋ ಜನರನ್ನು ಮೋಸಗೊಳಿಸುತ್ತದೆ. ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಬರಿಯ ಬಡ್ಡಿ. ಒಂದು ತಿಂಗಳ ದುಡಿಮೆ ಪೂರಾ ಹೋಯಿತು, ಅಸಲು ಇದ್ದಂತೆಯೇ ಇದೆ. ತಿಂಗಳ 1,500 ಎಂದರೆ ದಿನಕ್ಕೆ 50 ರೂಪಾಯಿ. ದಿನಕ್ಕೆ 50 ರೂಪಾಯಿ ಉಳಿಸುವುದು ನಮ್ಮಿಂದಾಗದೆಂದು ನಿನ್ನೆಯವರೆಗೆ ಹೇಳುತ್ತಿದ್ದ ಮನೆಯವರೇ ಇಂದು ದಿನಕ್ಕೆ 50 ರೂಪಾಯಿಯನ್ನು ಪರರಿಗೆ ತಪ್ಪದೆ ಕಟ್ಟುತ್ತಿದ್ದಾರೆ. ಅದೇ 1,500ನ್ನು ಮದುವೆಗೆ ಮೂರು ವರ್ಷ ಮುಂಚಿನಿಂದ ಇಟ್ಟಿದ್ದರೆ ಬಡ್ಡಿಯನ್ನು ಸೇರಿಸದೆಯೇ 54,000 ಆಗುತ್ತಿತ್ತು. ಮಗಳು ಹುಟ್ಟಿದ ದಿನದಿಂದಲೇ ಮದುವೆ ಬರುವುದೆಂದು ಗೊತ್ತಿದ್ದವರಿಗೆ ಮೂರು ವರ್ಷವೇನು ದೊಡ್ಡದು?

ಹೀಗೆ ಇಡುವುದಕ್ಕೆ ಇಂದು ಹಗೇವುಗಳಿಲ್ಲದೆ ಇಲ್ಲ. ಅಂಚೆಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಮೊದಲುಮಾಡಿ ಐದು ವರ್ಷ ಕಟ್ಟುವ ಆವರ್ತ ಠೇವಣಿಯುಂಟು. ನಮ್ಮ ನಾಡಿಗೆ ಈ ವಿಷಯದಲ್ಲಿ ಒಂದು ಹೆಮ್ಮೆಯೂ ಉಂಟು: ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಬ್ಯಾಂಕುಗಳನ್ನು ಜೋಡಿಸುವ ಕೆಲಸವನ್ನು ನಬಾರ್ಡ್ ಸಂಸ್ಥೆಯು 1992ರಲ್ಲಿ ಮೊದಲುಮಾಡಿತು. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಉಳಿಸುವುದಕ್ಕೆಂದು ಸಂಘ ಸೇರಿ, ಒಂದರ ಕಂತನ್ನು ತೀರಿಸಲು ಮತ್ತೊಂದರಲ್ಲಿ ಸಾಲವೆತ್ತುವ ತಾಯಂದಿರ ಕಣ್ಣೀರು ಅಲ್ಲಲ್ಲಿ ಕಾಣಬರುತ್ತಿದೆ.

ಉಳಿದದ್ದನ್ನು ಇಡುತ್ತೇವೆಂಬುವರಿಗೆ ಉಳಿಯುವುದೇ ಇಲ್ಲ. ಹಳೆಯ ಮನೆಗಳಲ್ಲಿ ತಾಯಂದಿರು ಅಡಿಗೆಗೆ ಅಕ್ಕಿಯನ್ನಳೆದ ಕೂಡಲೇ, ಎಸರಿಗೆ ಹಾಕುವುದಕ್ಕೆ ಮುಂಚೆ, ಮಠದ ಹೆಸರಿನಲ್ಲಿ ಒಂದು ಮುಷ್ಟಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದರು. ಇಂಥ ಮುಷ್ಟಿಯ ಅಕ್ಕಿಜೋಳಗಳಿಂದ ಎಷ್ಟೋ ಬಡ ವಿದ್ಯಾರ್ಥಿಗಳು ಪ್ರಸಾದನಿಲಯಗಳಲ್ಲಿ ಉಂಡು ಓದಿದರು. ಅಳೆದ ಅಕ್ಕಿಯಿಂದ ಒಂದು ಮುಷ್ಟಿ ಹೋದರೆ ಊಟಕ್ಕೆ ಕುಳಿತವರಿಗೆ ಅದು ತಿಳಿಯುವುದೂ ಇಲ್ಲ. ಬೆಂದ ಅನ್ನದಲ್ಲಿ ಒಂದು ತುತ್ತು ಎತ್ತಿಟ್ಟರೆ ಮಕ್ಕಳು ನೋಡುತ್ತವೆ. ಸಂಬಳವೋ ಕಾಳಿನ ಹಣವೋ ಕೈಗೆ ಬಂದ ದಿನವೇ ಮುಷ್ಟಿ ತೆಗೆಯತಕ್ಕುದು, ತಿಂಗಳ ಕೊನೆಗಲ್ಲ. ಅಂಗಡಿಯ ಉದರಿ ಪುಸ್ತಕವನ್ನು ಆದಷ್ಟು ಬೇಗ ಮುಚ್ಚಿಸತಕ್ಕುದು. ಉದರಿಯಲ್ಲಿ ತರುವವನು ತೂಕವನ್ನೂ ನೋಡನು, ಬೆಲೆಯನ್ನೂ ಕೇಳನು.

ಇನ್ನೊಂದು ಮಾತನ್ನು ಮಠದ ಈ ವೇದಿಕೆಯಿಂದಲೇ ಹೇಳುವುದು ಅಗತ್ಯ. ಜಾತ್ರೆಗೂ ಪಾದಪೂಜೆಗೂ ಮಹೋತ್ಸವದ ಕಾಣಿಕೆಗೂ ಸಾಲ ತರುವ ಭಕ್ತರಿದ್ದಾರೆ. ಪಕ್ಕದ ಮನೆಯವರು ಐದು ಸಾವಿರ ಬರೆಸಿದರೆಂದು ತಾವೂ ಬರೆಸುವರು. ಹಾಗೆ ಬಂದ ಕಾಣಿಕೆಯು ಲಕ್ಕಮ್ಮನ ಕಣ್ಣಿಗೆ ಬಿದ್ದಿದ್ದರೆ ಆಕೆಯು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳುತ್ತಿದ್ದಳೆಂಬುದರಲ್ಲಿ ಸಂದೇಹವಿಲ್ಲ. ಮಹೋತ್ಸವದ ಕಾಣಿಕೆಯ ಪಟ್ಟಿಯಲ್ಲಿ ಒಂದು ಸೇರು ಜೋಳವನ್ನು ಬರೆಸುವುದಕ್ಕೂ ಸ್ಥಳವಿರಬೇಕು. ಆ ಪಟ್ಟಿಯನ್ನು ಬರೆಯುವವರು ಅದನ್ನು ಗಟ್ಟಿಯಾಗಿ ಓದದಿದ್ದರೆ ಇನ್ನೂ ಒಳ್ಳೆಯದು.

ಲೆಕ್ಕವನ್ನು ಬರೆಯುವವರು ಯಾರೆಂದು ತಾಯಂದಿರು ಕೇಳುವರು. ಶಾಲೆಗೆ ಹೋಗುವ ಮಗಳೋ ಮಗನೋ ಇರುವ ಮನೆಯಲ್ಲಿ ಇದೊಂದು ಕಷ್ಟವೇ ಅಲ್ಲ. ರಾತ್ರಿ ಊಟವಾದ ಮೇಲೆ ಒಂದು ನೋಟುಬುಕ್ಕಿನ ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಎಲೆ ಅಡಿಕೆ, ಚಹ, ಮೊಬೈಲಿನ ಹಣ ಯಾವುದನ್ನೂ ಬಿಡದೆ ಬರೆಯಬೇಕು. ತಂದೆಯ ಖರ್ಚನ್ನು ತಂದೆಯೇ ಹೇಳಬೇಕು. ಮೊದಲನೆಯ ತಿಂಗಳು ಲೆಕ್ಕವು ಕೂಡುವುದಿಲ್ಲ, ಕೂಡದ ಹಣದ ವಿಷಯದಲ್ಲಿ ಗಂಡಹೆಂಡಿರಿಗೆ ಸ್ವಲ್ಪ ಮನಸ್ತಾಪವೂ ಆಗುವುದುಂಟು. ಅದಕ್ಕೆ ಹೆದರಿ ಪುಸ್ತಕವನ್ನು ಮುಚ್ಚಬಾರದು. ನಡುವೆ ರೋಗರುಜಿನ ಬಂದು ಗಂಟನ್ನು ಒಡೆಯಬೇಕಾಗಿ ಬಂದರೆ ಒಡೆಯತಕ್ಕುದೇ, ಅದನ್ನು ಇಟ್ಟದ್ದೇ ಅದಕ್ಕಾಗಿ. ರೋಗಿಯು ಎದ್ದು ಕುಳಿತ ವಾರದಿಂದ ಗಡಿಗೆಗೆ ಮತ್ತೆ ಮುಷ್ಟಿ ಬೀಳಬೇಕು.