ತಲಾಖ್ ಆದ ಮನೆಯ ಮಕ್ಕಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಆಡಿದ ಮಾತು)

 

ಜಮಾ ಖರ್ಚು ವರದಿಯಲ್ಲಿದೆ. ಅದನ್ನು ಇಲ್ಲಿ ಓದುವುದಿಲ್ಲ. ಅರ್ಜಿ ನೋಡುವಾಗ ನಮ್ಮಿಂದಲೇ ಆದ ಒಂದು ತಪ್ಪನ್ನು ಹೇಳಬೇಕಾಗಿದೆ.

ನಮ್ಮ ಅರ್ಜಿಯಲ್ಲಿ 'ತಂದೆಯ ಸಹಿ' ಎಂಬ ಜಾಗವಿತ್ತು. ಅದು ಖಾಲಿ ಇದ್ದವನ್ನು 'ಅಪೂರ್ಣ' ಎಂದು ಪಕ್ಕಕ್ಕೆ ಕಟ್ಟಿಟ್ಟೆವು. ಒಬ್ಬ ತಾಯಿ ಬಂದು, "ಸಹಿ ಕೇಳೋಕೆ ಹೋದ್ರೆ ಮಗಳನ್ನ ಬಾಗಿಲಲ್ಲೇ ನಿಲ್ಲಿಸ್ತಾರೆ, ನಾನೇನು ಮಾಡ್ಲಿ?" ಎಂದರು. ಆಗಲೇ ಆ ಕಟ್ಟು ಬಿಚ್ಚಿ ನೋಡಿದ್ದು. ಕೆಲವರಿಗೆ ತಲಾಖ್ ಆಗಿತ್ತು. ಇನ್ನು ಕೆಲವರಿಗೆ ಅದೂ ಇಲ್ಲ, ಗಂಡ ತವರಿಗೆ ಬಿಟ್ಟು ಹೋದವನು ಮತ್ತೆ ಬಂದಿಲ್ಲ. ರೇಷನ್ ಕಾರ್ಡಿನ ಹೆಸರು, ಆದಾಯ ಪ್ರಮಾಣಪತ್ರ, ಎಲ್ಲವೂ ಆ ಮನೆಯ ಲೆಕ್ಕದಲ್ಲೇ ಉಳಿದಿವೆ.

ತವರು ಎಂದರೆ ಹೆಚ್ಚಿನ ಕಡೆ ಅಣ್ಣನ ಎರಡು ಕೋಣೆಯ ಮನೆ. ಅಡಿಕೆ ಸುಲಿಯುವ ಕಾಲದಲ್ಲಿ ಕೈಗೆ ನಾಲ್ಕು ಕಾಸು ಬರುತ್ತದೆ. ಜೂನ್ ಬಂದಾಗ ಸುಲಿಯಲು ಅಡಿಕೆ ಇರುವುದಿಲ್ಲ, ಮಳೆ ಹಿಡಿದಿರುತ್ತದೆ, ಶಾಲೆಯ ಫೀಸು, ನೋಟ್‌ಬುಕ್ಕು, ಬಸ್ ಪಾಸು ಒಟ್ಟಿಗೆ ಎದುರು ನಿಲ್ಲುತ್ತವೆ. ಆಗ ಮೊದಲು ಶಾಲೆ ಬಿಡುವುದು ದೊಡ್ಡ ಮಗಳು. ತಮ್ಮನನ್ನು ನೋಡಿಕೊಳ್ಳಲು ಬೇಕಲ್ಲ, ಎನ್ನುತ್ತಾರೆ. ಮನಸ್ಸಿನ ಮಾತು ಬೇರೆ. ಅಪ್ಪ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ 'ಗಲ್ಫಿನಲ್ಲಿ' ಎಂದು ಸುಳ್ಳು ಹೇಳುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿದವರಿಗೆ ನಾದಿರಾ ನೆನಪಿರಬಹುದು. ಅಪ್ಪ ಮತ್ತು ಗಂಡನ ಜಗಳದಲ್ಲಿ ಅವಳ ಸಂಸಾರ ಒಡೆಯಿತು, ಅವಳನ್ನು ಕೇಳಿದವರಿಲ್ಲ. ಸೂರಃ ನಿಸಾದಲ್ಲಿ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಹೇಳಿದೆ. ನಮ್ಮಲ್ಲಿ ಹಿರಿಯರು ಸೇರುವುದು ಬಹುತೇಕ ತಲಾಖಿನ ಕಾಗದ ಬಂದ ಮೇಲೆ. ಇದನ್ನು ಜಮಾಅತಿನ ಹಿರಿಯರ ಎದುರೇ ಹೇಳುತ್ತಿದ್ದೇವೆ, ಬೇಸರಿಸಬೇಡಿ.

ತಾಯಂದಿರು ಒಂದು ಮಾತು ಗಮನಿಸಬೇಕು. ತಲಾಖ್ ಗಂಡ ಹೆಂಡತಿಯ ನಡುವಿನದು. ಮಗುವಿನ ಖರ್ಚಿನಿಂದ ತಂದೆಗೆ ಬಿಡುಗಡೆ ಇಲ್ಲ. 1986ರ ಕಾಯ್ದೆಯಲ್ಲಿ ಮಗುವಿಗೆ ಎರಡು ವರ್ಷದ ಮಾತಿದೆ ಎಂದು ಹೇಳಿ ಕಳಿಸುವವರಿದ್ದಾರೆ. 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಶಕ್ತಿಯಿರುವ ತಂದೆ, ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ತಾವೇ ದುಡಿಯುವವರೆಗೆ, ಹೆಣ್ಣುಮಕ್ಕಳಿಗೆ ಮದುವೆಯವರೆಗೆ ಜೀವನಾಂಶ ಕೊಡಬೇಕು ಎಂದಿತು. ಹೆಂಡತಿಯ ವಿಷಯದಲ್ಲಿ, ಇದ್ದತ್‌ನ ಮೂರು ತಿಂಗಳ ಅಕ್ಕಿ ಬೇಳೆ ಕೊಟ್ಟರೆ ಸಾಲದು, ಅವಳ ಮುಂದಿನ ಬದುಕಿಗೂ ತಕ್ಕ ವ್ಯವಸ್ಥೆಯನ್ನು ಇದ್ದತ್ ಒಳಗೇ ಮಾಡಬೇಕು ಎಂದು 2001ರ ಡ್ಯಾನಿಯಲ್ ಲತೀಫಿ ತೀರ್ಪು ಹೇಳಿದೆ. ತಲಾಖ್ ಆದ ಮುಸ್ಲಿಂ ಮಹಿಳೆಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರಂದು ಮತ್ತೆ ಸ್ಪಷ್ಟವಾಯಿತು. ತಲಾಖ್ ಕೊಡದೆ ಬಿಟ್ಟುಹೋದವನೂ ತಪ್ಪಿಸಿಕೊಳ್ಳುವಂತಿಲ್ಲ.

ಕೋರ್ಟು ಎಂದರೆ ಭಯ, ಖರ್ಚು, ಗೊತ್ತು. ಆದರೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿರುವುದರಿಂದ, 'ನೋಡೋಣ, ಮುಂದಿನ ರಂಜಾನಿಗೆ ಮಾತಾಡೋಣ' ಎಂದು ಕಾದಷ್ಟೂ ನಷ್ಟ ಮಗುವಿಗೇ. ನಿಕಾಹ್‌ನಾಮಾ, ಮಕ್ಕಳ ಜನನ ಪ್ರಮಾಣಪತ್ರ, ಮಹರ್ ಮತ್ತು ಚಿನ್ನದ ವಿವರ ನಿಮ್ಮ ಕೈಯಲ್ಲೇ ಇರಲಿ. ಕೊಡುವ ಮನಸ್ಸಿರುವ ತಂದೆಯರೂ ಇಲ್ಲಿ ಕುಳಿತಿದ್ದೀರಿ. ಯಾರದೋ ಕೈಯಲ್ಲಿ ನೋಟು ಕಳಿಸಬೇಡಿ, ಮಗುವಿನ ಖಾತೆಗೆ ಹಾಕಿ. ಆಗ 'ಕೊಟ್ಟೆ, ಕೊಟ್ಟಿಲ್ಲ' ಎಂಬ ಜಗಳ ಇರುವುದಿಲ್ಲ.

ಈ ವರ್ಷದಿಂದ ಅರ್ಜಿಯಲ್ಲಿ 'ತಂದೆಯ ಸಹಿ' ಇಲ್ಲ, 'ತಾಯಿ ಅಥವಾ ಪೋಷಕರ ಸಹಿ' ಇದೆ. ಆದಾಯ ಪ್ರಮಾಣಪತ್ರ ಸಿಗದಿದ್ದರೆ ತಾಯಿ ತಾನೇ ಬರೆದುಕೊಟ್ಟ ಹೇಳಿಕೆ ಸಾಕು. ಕಾರಣ ಏನೆಂದು ಮಗುವಿನ ಎದುರು ನಾವು ಕೇಳುವುದಿಲ್ಲ. ದಾನಿಗಳಲ್ಲಿ ಒಂದು ವಿನಂತಿ: ನಿಮ್ಮ ಹಣದಲ್ಲಿ ಒಂದು ಪಾಲನ್ನು ಜೂನ್ ಮೊದಲೇ ತಲುಪಿಸಿ. ಪಕ್ಕಕ್ಕಿಟ್ಟಿದ್ದ ಹಳೆಯ ಅರ್ಜಿಗಳನ್ನು ಮತ್ತೆ ತೆಗೆದುಕೊಂಡಿದ್ದೇವೆ. ಆ ಮಕ್ಕಳ ತಾಯಂದಿರು ಸಭೆ ಮುಗಿದ ಮೇಲೆ ಹೊರಗಿನ ಮೇಜಿನ ಬಳಿ ಬಂದು ಸಹಿ ಹಾಕಿ ಹೋಗಬೇಕು.