ಓಂ ತೀರದಿಂದ ಆಚೆಗೆ

ಗೋಕರ್ಣಕ್ಕೆ ಹೋದವರು ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಪಡೆದು ಹಿಂದಿರುಗುವುದು ವಾಡಿಕೆ. ನೀವು ಇನ್ನೊಂದು ದಿನ ನಿಲ್ಲಿರಿ. ಊರಿನ ತೆಂಕಣ ಗುಡ್ಡವನ್ನು ಹತ್ತಿಳಿದರೆ ಕುಡ್ಲೆ. ಅದರಾಚೆ ಓಂ ತೀರ. ಆ ತೀರಕ್ಕೆ ಓಂಕಾರದ ಆಕೃತಿಯಿರುವುದು ನಿಜವೇ. ಆದರೆ ಅದು ನಾಗರಿಯ ಓಂಕಾರ, ನಮ್ಮ ಕನ್ನಡದ್ದಲ್ಲ! ಅಲ್ಲಿಯವರೆಗೆ ಮೋಟಾರು ಹೋಗುತ್ತದೆ. ಆದಕಾರಣ ಅಂಗಡಿಗಳೂ ಗದ್ದಲವೂ ಹೋಗಿವೆ.

ಮುಂದೆ ಕಾಲುದಾರಿಯೇ ಗತಿ; ಇಲ್ಲವೇ ದೋಣಿ. ಕಡಲಿಗೆ ಮೂಗು ಚಾಚಿದ ಗುಡ್ಡದ ಮಗ್ಗುಲಲ್ಲಿ, ಕೆಳಗೆ ಬಂಡೆಗಳಿಗೆ ಅಪ್ಪಳಿಸುವ ತೆರೆಗಳನ್ನು ಕೇಳುತ್ತ, ಸುಮಾರು ಅರ್ಧ ಗಂಟೆ ನಡೆಯಬೇಕು. ಆಮೇಲೆ ಒಮ್ಮೆಗೇ ಕಾಣುತ್ತದೆ, ಎರಡು ಕಲ್ಲುಕೋಡುಗಳ ನಡುವೆ ಅರ್ಧಚಂದ್ರನಂತೆ ಬಾಗಿದ ಪುಟ್ಟ ಮರಳ ತೀರ. ಹಾಫ್ ಮೂನ್ ಎಂದು ಅದರ ಹೆಸರು. ಬೆಳಗ್ಗೆ ಬೇಗ ಹೋದರೆ ಮರಳಿನ ಮೇಲೆ ಏಡಿಗಳು ಬರೆದ ಅಕ್ಷರಗಳನ್ನು ನೀವೇ ಮೊದಲು ಓದಬಹುದು.

ಐವತ್ತು ದಾಟಿದ ನನ್ನ ಮೊಣಕಾಲಿಗೆ ಆ ದಾರಿ ಕಷ್ಟವೇ. ಆದರೂ ಅಲ್ಲಿಗೆ ರಸ್ತೆಯಾಗಲಿ ಎಂದು ನಾನು ಬಯಸಲಾರೆ.

ಕುಡಿಯುವ ನೀರನ್ನು ಒಯ್ಯಿರಿ. ಬರಿದಾದ ಶೀಸೆಯನ್ನು ಮರಳಿ ತನ್ನಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಅತ್ತ ಸುಳಿಯಬೇಡಿ. ಬಂಡೆ ಜಾರುತ್ತದೆ, ಕಡಲು ಕೆರಳಿರುತ್ತದೆ. ಉಳಿದ ದಿನಗಳಲ್ಲಿಯೂ ಸೂರ್ಯಾಸ್ತದ ಸೊಬಗಿಗೆ ಮರುಳಾಗಿ ಕತ್ತಲಾಗಿಸಿಕೊಳ್ಳದೆ, ಬೆಳಕಿರುವಾಗಲೇ ಗುಡ್ಡ ದಾಟಿಬಿಡಿ.